ಕೊಳ್ಳದ ಮೋಟಾರು, ಮಲಗಿದ ಎತ್ತು

ಲಕ್ಷ್ಮೇಶ್ವರ ಮಿರಜದ ಸಂಸ್ಥಾನದಲ್ಲಿದ್ದಾಗ ಹುಚ್ಚೀರಪ್ಪನವರು ದನದ ಸಂತೆಯ ದಲ್ಲಾಳಿ. ಸಂಸ್ಥಾನ ಹೋಗಿ ಊರು ಮುಂಬೈ ಪ್ರಾಂತ್ಯಕ್ಕೆ ಸೇರಿದಾಗಲೂ ದಲ್ಲಾಳಿ. ಕನ್ನಡ ನಾಡೆಲ್ಲ ಒಂದಾಗಿ ಊರು ಮೈಸೂರು ರಾಜ್ಯದ್ದಾದಾಗಲೂ ದಲ್ಲಾಳಿಯೇ. ಸರಕಾರ ಮೂರು ಬಂದವು, ಅವರ ಹೆಗಲ ಮೇಲಿನ ವಲ್ಲಿ ಒಂದೇ ಇತ್ತು. ನಡುನಡುವೆ ಅದನ್ನು ಒಗೆದದ್ದುಂಟು ಎಂದು ಅವರ ಹೆಂಡತಿ ಗುರುಸಿದ್ದವ್ವ ಹೇಳುತ್ತಾರೆ. ಅವರು ಹೇಳಿದ್ದರಿಂದ ಇಲ್ಲಿ ಬರೆದಿದ್ದೇನೆ.

ಆ ವಲ್ಲಿಯ ಕೆಲಸ ಏನೆಂದು ಮೊದಲು ಹೇಳಬೇಕು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ತನ್ನ ಕೈಯ ಮೇಲೆ ವಲ್ಲಿ ಹೊದಿಸಿ ಮುಂದೆ ಚಾಚುತ್ತಾನೆ. ಮಾರುವವನು ಅದರ ಕೆಳಗೆ ಕೈಯಿಟ್ಟು, ದಲ್ಲಾಳಿಯ ಬೆರಳು ಹಿಡಿದು ತನ್ನ ಬೆಲೆ ತಿಳಿಸುತ್ತಾನೆ. ಆಮೇಲೆ ಕೊಳ್ಳುವವನು ತನ್ನದನ್ನು ತಿಳಿಸುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮತ್ತು ಇವರ ಮುಖಗಳು ಮಾತ್ರ. ಬೆಲೆ ಹೊಂದಿದ ಮೇಲೆ ದಲ್ಲಾಳಿ ಇಬ್ಬರ ಕೈಗಳನ್ನೂ ವಲ್ಲಿಯ ಕೆಳಗೆ ಕೂಡಿಸುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಕಾಗದವಿಲ್ಲ, ಸಹಿಯಿಲ್ಲ. ಹುಚ್ಚೀರಪ್ಪನವರು ಕೂಡಿಸಿದ ಕೈಗಳು ಬೇರೆಯಾದದ್ದನ್ನು ಯಾರೂ ಕಂಡಿರಲಿಲ್ಲ. ಹೊಲ ಇಲ್ಲದ ಅವರಿಗೆ ಆ ಹೆಸರೇ ಹೊಲ. ವರ್ಷವಿಡೀ ಅದೇ ಬೆಳೆಯುತ್ತಿತ್ತು.

ಹಾಗೆಂದು ಕೊಟ್ಟ ಮಾತನ್ನು ಮುರಿಯಲು ದಾರಿಯೇ ಇರಲಿಲ್ಲವೆಂದಲ್ಲ. ಇತ್ತು. ಮುರಿಯುವವನು ತುಂಬಿದ ಸಂತೆಯಲ್ಲಿ ನಿಂತು ತಲೆಯ ರುಮಾಲು ಬಿಚ್ಚಬೇಕು. ಎದುರಿನವನ ಕೈಯಲ್ಲಿ ಎಲೆ ಅಡಿಕೆ ಇಟ್ಟು, "ನಾ ಮುರದೇನಿ" ಎಂದು ಮೂರು ಸಲ ಎಲ್ಲರಿಗೂ ಕೇಳುವಂತೆ ಹೇಳಬೇಕು. ಇಷ್ಟೇ. ಆದರೆ ಬರಿತಲೆಯಲ್ಲಿ ನಿಲ್ಲುವುದಕ್ಕಿಂತ ಕುಂಟ ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗುವುದೇ ಲೇಸೆಂದು ನಮ್ಮ ಕಡೆಯ ಒಕ್ಕಲಿಗರು ತಿಳಿದಿದ್ದರು. ಹೀಗಾಗಿ ದಾರಿ ಇತ್ತು, ಅದರ ಮೇಲೆ ಹೆಜ್ಜೆ ಇರಲಿಲ್ಲ.

ಕೊರ್ಲಹಳ್ಳಿಯ ಮೂಕಪ್ಪ ಒಮ್ಮೆ ಆ ದಾರಿಯ ತುದಿಗೆ ಬಂದು ನಿಂತಿದ್ದ. ಅವನು ಹಿರೇವಡ್ಡಟ್ಟಿಯ ಹೇಮಪ್ಪನಿಂದ ಒಂದು ಎತ್ತು ಕೊಂಡಿದ್ದ. ಕೈ ಕೂಡಿಸಿದವರು ಹುಚ್ಚೀರಪ್ಪನವರು. ಮುಂದಿನ ಸಂತೆಗೆ ಮೂಕಪ್ಪ ಎತ್ತಿನ ಸಮೇತ ಬಂದ.

"ಕಾಕಾ, ಇದು ಹೊಲದಾಗ ಮಲಗತೈತ್ರಿ. ಬಾಲ ತಿರುವಿದ್ರ ಕಣ್ಣ ಮುಚ್ಚತೈತಿ."

"ಕೊಳ್ಳೂ ಮುಂದ ನಿಂತಿತ್ತಿಲ್ಲೋ?"

"ನಿಂತಿತ್ರಿ. ಸಂತ್ಯಾಗ ಎಲ್ಲಾ ಎತ್ತೂ ನಿಂತ ಇರತಾವ."

"ನೋಡು ಮೂಕಪ್ಪ, ಮಲಗೂದು ಎತ್ತಿನ ಗುಣ. ಕೈ ಕೊಟ್ಟಿದ್ದು ನಿನ್ನ ಗುಣ. ಯಾವ್ದು ದೊಡ್ಡದು, ನೀನ ಹೇಳು."

ಮೂಕಪ್ಪ ಹಗ್ಗ ಹಿಡಿದ. ಎತ್ತನ್ನು ಹೊಡೆದುಕೊಂಡು ಹೋದ. ಅದು ಸಾಯುವ ತನಕ ಅದರ ಜೊತೆ ಉತ್ತ. ಉತ್ತ ಎನ್ನುವುದಕ್ಕಿಂತ ಎಬ್ಬಿಸಿದ ಎನ್ನುವುದು ಸರಿ. ಹುಚ್ಚೀರಪ್ಪನವರ ಮಾತು ಮಾತ್ರ ಶಿರಹಟ್ಟಿ, ಮುಂಡರಗಿ ಸಂತೆಗಳಲ್ಲೆಲ್ಲ ಗಾದೆಯಂತೆ ಓಡಾಡಿತು. ಯಾರಾದರೂ ತಮ್ಮೆದುರು ಆ ಮಾತು ಹೇಳಿದರೆ ಅವರು ಮೀಸೆ ತಿರುವುತ್ತಿರಲಿಲ್ಲ. ಕೈ ಮೀಸೆಯ ತನಕ ಹೋಗಿ ಬರುತ್ತಿತ್ತು, ಅಷ್ಟೇ.

ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ಕೂಡಿಹೋಯಿತು. ಆಗ ಎಲ್ಲರಿಗೂ ಏನಾದರೊಂದು ಹೊಸದು ಬೇಕೆನಿಸಿತ್ತು. ಕೆಲವರು ಮನೆಗೆ ಸುಣ್ಣ ಹೊಡೆಸಿದರು, ಕೆಲವರು ಟೋಪಿ ಹಾಕಿಕೊಂಡರು. ಹುಚ್ಚೀರಪ್ಪನವರ ಮೊಣಕಾಲು ಹಳೆಯದಾಗಿತ್ತು. ಲಕ್ಷ್ಮೇಶ್ವರದಿಂದ ಶಿರಹಟ್ಟಿ, ಶಿರಹಟ್ಟಿಯಿಂದ ಮುಂಡರಗಿ, ಅಲ್ಲಿಂದ ಗದಗ ಎಂದು ಸಂತೆಯಿಂದ ಸಂತೆಗೆ ನಡೆದೂ ನಡೆದೂ ಅದು ಸವೆದಿತ್ತು. ಅವರು ಮೋಟಾರು ಕೊಳ್ಳಬೇಕೆಂದುಕೊಂಡರು. ಸಂತೆ ಇಲ್ಲದ ದಿನ ಗದಗಿಗೆ ಮಂದಿಯನ್ನು ಕರೆದೊಯ್ದರೆ ಅದರ ಖರ್ಚು ಅದೇ ನೋಡಿಕೊಳ್ಳುತ್ತದೆ ಎಂಬ ಲೆಕ್ಕವೂ ಇತ್ತು.

ಗದಗದ ಸ್ಟೇಶನ್ ರಸ್ತೆಯಲ್ಲಿ ಅಂದಪ್ಪ ಎಂಬ ತರುಣ ಮೋಟಾರು ಮಾರುವ ಅಂಗಡಿ ತೆರೆದಿದ್ದ. ತಂದೆ ಹತ್ತಿಯ ವ್ಯಾಪಾರಿ. ಮಗನಿಗೆ ಹತ್ತಿ ಹಗುರ ಅನಿಸಿ ಕಬ್ಬಿಣಕ್ಕೆ ಬಂದಿದ್ದ. ಅಂಗಡಿಯ ಮುಂದೆ ಹಸಿರು ಬಣ್ಣದ, ಮೇಲೆ ಬಟ್ಟೆಯ ಮುಚ್ಚಿಗೆ ಇದ್ದ ಒಂದು ಹಳೆಯ ಕಾರು ನಿಂತಿತ್ತು. ಹುಚ್ಚೀರಪ್ಪನವರು ಅದರ ಸುತ್ತ ಬಂದರು. ಹಿಂದೆ ನಿಂತು ನೋಡಿದರು, ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಎತ್ತಿನ ಮೈಮೇಲೆ ಕೆಟ್ಟ ಸುಳಿ ಹುಡುಕುವಂತೆ ಅದರ ಮೈಮೇಲೆ ಕೈಯಾಡಿಸಿದರು.

"ವಯಸ್ಸೆಷ್ಟ್ರಿ ಸಾವಕಾರ?"

"ಯುದ್ಧಕ್ಕಿಂತ ಮದಲ ಹುಟ್ಟಿದ್ದು ಕಾಕಾ. ಆದ್ರ ಯುದ್ಧಕ್ಕ ಹೋಗಿಲ್ಲ. ಒಬ್ಬ ಡಾಕ್ಟರ ಹಂತ್ಯಾಕ ಇತ್ತು."

"ಹಾಯೂ ಚಟ ಏನರ ಐತೇನು?"

"ನೀವು ಹಾಯಿಸಿದ್ರ ಹಾಯತೈತಿ."

ಹುಚ್ಚೀರಪ್ಪನವರು ಒಳಗೆ ಹತ್ತಿ ಕೂತರು. ಮೊಣಕಾಲು ತಾನಾಗಿಯೇ ಮಡಚಿಕೊಂಡಿತು. ಬಹಳ ದಿನದ ಮೇಲೆ ಅದು ನೋಯದೆ ಮಡಚಿತ್ತು. ಅಲ್ಲಿಂದ ಇಳಿಯುವ ಮನಸ್ಸಾಗದೆ ಕೂತಲ್ಲಿಂದಲೇ ಅವರು ವಲ್ಲಿಯನ್ನು ಕೈಮೇಲೆ ಹೊದಿಸಿ ಕಿಟಕಿಯಿಂದ ಹೊರಗೆ ಚಾಚಿದರು. ಹತ್ತಿಯ ಪೇಟೆಯಲ್ಲೂ ಇದೇ ಪದ್ಧತಿ ಇದ್ದುದರಿಂದ ಅಂದಪ್ಪ ನಗುತ್ತ ಕೈಗಡಿಯಾರದ ಕೈಯನ್ನು ಕೆಳಗಿಟ್ಟ. ವಲ್ಲಿ ಸ್ವಲ್ಪ ಹೊತ್ತು ಅಲುಗಾಡಿ ನಿಂತಿತು. ಆಮೇಲೆ ಅಂದಪ್ಪ ಒಂದು ಅಚ್ಚಾದ ಕಾಗದ ತಂದ.

"ಕೈ ಕೊಟ್ಟ ಮ್ಯಾಲ ಇದ್ಯಾಕ್ರಿ?"

"ಸರಕಾರಕ್ಕರೀ ಕಾಕಾ."

"ಹಂಗಾದ್ರ ಆತು. ಸರಕಾರಕ್ಕ ನಂಬಿಕಿ ಕಡಿಮಿ," ಎಂದು ಹುಚ್ಚೀರಪ್ಪನವರು ಸಹಿ ಮಾಡಿ, ಒಂದಿಷ್ಟು ಮುಂಗಡ ಕೊಟ್ಟು ಬಂದರು. ಮುಂದಿನ ತಿಂಗಳು ಉಳಿದದ್ದನ್ನು ಕೊಟ್ಟು ಗಾಡಿ ತರುವುದು ಎಂದಾಯಿತು. ಅಷ್ಟರೊಳಗೆ ಗಾಡಿ ರೂಢಿಯಾಗಲಿ ಎಂದು ಅಂದಪ್ಪ ತನ್ನ ಡ್ರೈವರ ಇಸ್ಮಾಯಿಲಸಾಬನನ್ನು ಕೊಟ್ಟು, ಒಂದು ಸಂತೆಗೆ ಹೋಗಿ ಬರಲು ಹೇಳಿದ.

ಅವರು ಆರಿಸಿದ್ದು ಮುಂಡರಗಿ ಸಂತೆ. ಗಾಡಿ ಸಂತೆಯ ಬಯಲಿಗೆ ಬಂದು ಹಾರನ್ ಹೊಡೆದ ಕೂಡಲೇ ಎರಡು ಜೋಡಿ ಎತ್ತು ಹಗ್ಗ ಕಿತ್ತುಕೊಂಡು ಹೊಳೆಯ ದಿಕ್ಕಿಗೆ ಓಡಿದವು. ಅವುಗಳ ಒಡೆಯರೂ ಓಡಿದರು. ಉಳಿದ ಮಂದಿ ಬಂದು ಗಾಡಿಯನ್ನು ಮುಟ್ಟಿದರು, ಕನ್ನಡಿಯಲ್ಲಿ ಮುಖ ನೋಡಿಕೊಂಡರು, "ಭಾರೀ ಐತಿ" ಎಂದರು. ಹುಚ್ಚೀರಪ್ಪನವರು ಇಳಿದು, ವಲ್ಲಿ ಹೊದಿಸಿದ ಕೈ ಚಾಚಿ ಎಂದಿನ ಬೇವಿನ ಮರದ ಕೆಳಗೆ ನಿಂತರು. ಕೈ ಹಾಗೇ ಇತ್ತು. ಅದರ ಕೆಳಗೆ ಇನ್ನೊಂದು ಕೈ ಬರಲಿಲ್ಲ.

ಹಿರೇವಡ್ಡಟ್ಟಿಯ ಹೇಮಪ್ಪ ಒಂದು ಜೋಡಿ ಎತ್ತು ತಂದಿದ್ದ. ಅವನು ಇವರನ್ನು ದಾಟಿ ಇನ್ನೊಬ್ಬ ದಲ್ಲಾಳಿ ಮರ್ದಾನಸಾಬನ ಹತ್ತಿರ ಹೊರಟ.

"ಏ ಹೇಮಪ್ಪ, ಇಲ್ಲಿ ನಾ ನಿಂತೇನಿ."

"ಕಂಡೇನ್ರಿ ಕಾಕಾ. ನೀವೂ ಕಂಡ್ರಿ, ನಿಮ್ಮ ಮೋಟಾರೂ ಕಾಣತು."

"ಮೋಟಾರು ನಿನಗೇನ ಮಾಡ್ತಲೇ?"

"ನನಗೇನೂ ಮಾಡಿಲ್ರಿ. ಆದ್ರ ಅದೂ ಉಣ್ಣಬೇಕಲ್ಲ? ಇಷ್ಟ ದಿನಾ ನಿಮ್ಮ ಧೂಳಗಾಲು ನೋಡಿ ದಲಾಲಿ ಕೊಡತಿದ್ವಿ. ಇಷ್ಟ ನಡದು ಬಂದಾನ, ನಮಗ ಮೋಸ ಮಾಡಂಗಿಲ್ಲ ಅಂತ. ಈಗ ಎಣ್ಣಿ ಯಾರ ಎತ್ತಿನ ರೇಟಿನಾಗ ಹೋಗತೈತೋ ಯಾರಿಗ್ಗೊತ್ತು?"

ಸಂಜೆ ತಿರುಗಿ ಬರುವಾಗ ಹುಚ್ಚೀರಪ್ಪನವರು ವಲ್ಲಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಸ್ಮಾಯಿಲಸಾಬ ತಡೆದು ತಡೆದು ಕೇಳಿದ, "ಕಾಕಾ, ಗಾಡಿ ಹೆಂಗನಸ್ತು?"

"ಗಾಡಿ ಚಲೋ ಐತಿ ಇಸ್ಮಾಯಿಲಸಾಬ. ಒಳಗ ಕುಂತಾವಂದ ಅಡಚಣಿ."

ಊರು ಇನ್ನೂ ದೂರವಿದ್ದಾಗಲೇ ಅವರು ಗಾಡಿ ನಿಲ್ಲಿಸಿ ಇಳಿದರು. ಉಳಿದ ದಾರಿಯನ್ನು ಬೇಕೆಂದೇ ಧೂಳಿನಲ್ಲಿ ಕಾಲೆಳೆದು ನಡೆದರು. ಆದರೆ ಧೂಳು ತಡವಾಗಿತ್ತು. ಮುಂದಿನ ಸಂತೆಗೆ ನಡೆದೇ ಹೋದರೂ ಮಂದಿ, "ಮೋಟಾರು ಯಾವಾಗ ಬರತೈತ್ರಿ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಮರ್ದಾನಸಾಬನ ಹತ್ತಿರ ಹೋದರು.

ಮನೆಯಲ್ಲಿ ಗುರುಸಿದ್ದವ್ವ ಎರಡು ದಿನ ನೋಡಿ ಮೂರನೆಯ ದಿನ ಕೇಳಿದರು.

"ಊಟ ಯಾಕ ಬಿಟ್ಟೀರಿ?"

"ಬಿಟ್ಟಿಲ್ಲ. ಹಸಿವಿಲ್ಲ."

"ಮೋಟಾರು ಬ್ಯಾಡಾಗೈತಿ, ಹೌದಿಲ್ಲೋ? ಬ್ಯಾಡ ಅಂತ ಹೇಳಿ ಬರ್ರಿ. ಅದಕ್ಕೇನು ಊಟ ಬಿಡೂದು?"

"ಕೈ ಕೊಟ್ಟೇನಿ. ಬ್ಯಾಡ ಅಂದ್ರ ಮೂಕಪ್ಪಗ ಏನಂತ ಮಾರಿ ತೋರಸ್ಲಿ?"

"ಮೂಕಪ್ಪಂದು ಎತ್ತು ಮಲಗಿತ್ತು. ನಿಮ್ಮ ಮೋಟಾರು ಮಲಗಿಲ್ಲ, ಏನಿಲ್ಲ. ನೀವ ಮಲಗೀರಿ."

ಗುರುಸಿದ್ದವ್ವ ಹೇಳಿದ್ದು ಸರಿಯಾಗಿತ್ತು. ಮೂಕಪ್ಪನಿಗೆ ಮುರಿಯಲು ಕಾರಣವಾದರೂ ಇತ್ತು. ತಮಗೆ ಗಾಡಿಯಲ್ಲಿ ಒಂದು ದೋಷವೂ ಸಿಕ್ಕಿರಲಿಲ್ಲ. ಕೊಂಡರೆ ಸಂತೆ ಅವರನ್ನು ಬಿಡುತ್ತದೆ. ಕೊಳ್ಳದಿದ್ದರೆ ಮಾತು ತಪ್ಪುತ್ತದೆ, ಮಾತು ತಪ್ಪಿದ ದಲ್ಲಾಳಿಯನ್ನೂ ಸಂತೆ ಬಿಡುತ್ತದೆ. ಎರಡೂ ಕಡೆ ಬೆಲೆ ಒಂದೇ ಆದಾಗ ದಲ್ಲಾಳಿಗೆ ಮಾಡಲು ಕೆಲಸವಿಲ್ಲ.

ಶಿರಹಟ್ಟಿ ಸಂತೆಯಲ್ಲಿ ಮರ್ದಾನಸಾಬ ತಾನಾಗಿ ಹತ್ತಿರ ಬಂದು ಕೂತ. ಹುಚ್ಚೀರಪ್ಪನವರ ಗಿರಾಕಿಗಳೆಲ್ಲ ತನಗೆ ಬಂದದ್ದು ಅವನಿಗೂ ಸಂಕೋಚವಾಗಿತ್ತು. ಸಂಕೋಚವಿದ್ದರೂ ಅವರನ್ನು ಅವನು ಹಿಂದಕ್ಕೆ ಕಳಿಸಿರಲಿಲ್ಲ.

"ಅಣ್ಣಾ, ಒಂದ ಮಾತ ಹೇಳ್ಲೇನು? ಗಾಡ್ಯಾಗ ಏನರ ಐಬು ಹುಡುಕು. ಐಬು ಇದ್ರ ಮುರದಾವ ನೀನಲ್ಲ, ಮಾರಿದಾವ."

"ಐಬಿಲ್ಲ."

"ಇಲ್ಲಂದ್ರ ಆಗತೈತಿ. ಎಂಜಿನ್ನಿನಾಗ ಒಂದ ಹಿಡಿ ಮಣ್ಣ..."

"ಮರ್ದಾನ, ಎತ್ತಿನ ಗೊರಸಿಗೆ ಮುಳ್ಳ ಚುಚ್ಚಿ ಕುಂಟತೈತಿ ಅಂತ ತಂದಾವನ್ನ ಹಿಡದಾವ ಯಾರು?"

"ನೀನ."

"ಏನ ಮಾಡಿದೆ ಅವಂಗ?"

"ಆ ಮುಳ್ಳ ಅವನ ಕೈಯಾಗ ಕೊಟ್ಟು ಸಂತಿ ತುಂಬ ತಿರಗಿಸಿದಿ."

"ಮತ್ತ?"

ಮರ್ದಾನಸಾಬ ಎದ್ದು ಹೋದ. ಹೋಗುವಾಗ, "ಖರೆತನ ಭಾಳ ತುಟ್ಟಿ ಆಗೇತಿ ಅಣ್ಣಾ, ಪೆಟ್ರೋಲಿಗಿಂತ," ಎಂದ.

ಕೊನೆಗೆ ಹುಚ್ಚೀರಪ್ಪನವರು ಗದಗಿಗೆ ಹೋದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತ ನಡೆದರು. ಅಂಗಡಿ ಹೊಕ್ಕ ಮೇಲೆ ಜೋಡಿಸಿದ್ದೆಲ್ಲ ಮರೆತು, "ಸಾವಕಾರ, ನನಗ ಮೋಟಾರು ಬ್ಯಾಡ," ಎಂದುಬಿಟ್ಟರು. ಎಂದು ಬೈಗುಳಕ್ಕೆ ಕಾದರು.

"ಬ್ಯಾಡ? ಆತು ಬಿಡ್ರಿ," ಎಂದ ಅಂದಪ್ಪ. "ಚಾ ಕುಡೀತೀರೇನು?"

ಹುಚ್ಚೀರಪ್ಪನವರಿಗೆ ತಾವು ಸರಿಯಾಗಿ ಹೇಳಲಿಲ್ಲವೇನೋ ಅನಿಸಿತು. "ನಾ ಕೈ ಕೊಟ್ಟಿದ್ದೆ. ಈಗ ಹಿಂದ ಸರೀಲಿಕ್ಕ ಹತ್ತೇನಿ. ಗಾಡ್ಯಾಗ ಏನೂ ತಪ್ಪಿಲ್ಲ. ತಪ್ಪು ನಂದು."

"ಇರಲಿ ಕಾಕಾ. ಆ ಕಾಗದ ಹರದ ಹಾಕೋಣ. ಮುಂಗಡ ತಗೊಂಡ ಹೋಗ್ರಿ."

"ಮುಂಗಡ ಬ್ಯಾಡ. ಮುರದಾವಂದಲ್ಲ ಅದು. ನಿಮಗ ಸಿಟ್ಟ ಬರೂದಿಲ್ಲೇನು?"

"ಯಾಕ ಬರಬೇಕ್ರಿ? ಹತ್ತ ಮಂದಿ ಒಪ್ಪಿದ್ರ ಏಳ ಮಂದಿ ಹಿಂದ ಸರೀತಾರ. ಅದಕ್ಕ ನಾವೂ ಒಂದ ಗಾಡಿನ ಇಬ್ಬರಿಗೆ ಒಪ್ಪಿರತೇವಿ. ಹುಲಕೋಟಿ ಉಡಚಪ್ಪನವರು ಇದನ್ನ ಕೇಳಿದ್ರು. ನೀವು ಬಿಟ್ರ ಅವರಿಗೆ, ಅವರು ಬಿಟ್ರ ನಿಮಗ."

ಹುಚ್ಚೀರಪ್ಪನವರು ಚಹಾದ ಕಪ್ಪನ್ನು ಕೆಳಗಿಟ್ಟರು. ಅವರು ಊಟ ಬಿಟ್ಟು ಒದ್ದಾಡುತ್ತಿದ್ದಾಗ ಈ ಮನುಷ್ಯ ಅವರು ಮುರಿಯುತ್ತಾರೆಂದು ಮೊದಲೇ ತಿಳಿದು ನೆಮ್ಮದಿಯಾಗಿದ್ದ! ಬೇರೆ ಯಾರಾದರೂ ಆಗಿದ್ದರೆ, ಎದುರಿನವನೇ ಮಾತಿಗೆ ನಿಂತಿರಲಿಲ್ಲ, ನನ್ನದೇನು ತಪ್ಪು ಎಂದು ಎದ್ದು ಬರುತ್ತಿದ್ದರು. ಹುಚ್ಚೀರಪ್ಪನವರು ಬಹಳ ಹೊತ್ತು ವಿಚಾರ ಮಾಡಿದರು. ಕೈ ಕೊಡುವಾಗ ಅಂದಪ್ಪನ ಮನಸ್ಸು ಅದರಲ್ಲಿ ಇರಲಿಲ್ಲ, ಖರೆ. ಆದರೆ ತಮ್ಮ ಮನಸ್ಸು ಇತ್ತು. ತಮ್ಮ ಕೈಯನ್ನು ತಾವೇ ಬಿಡಿಸಿಕೊಳ್ಳಬೇಕು.

"ಸಾವಕಾರ, ನೀವು ಒಮ್ಮೆ ಲಕ್ಷ್ಮೇಶ್ವರ ಸಂತಿಗೆ ಬರಬೇಕು. ಎಲ್ಲಾರ ಮುಂದ ನಾ ರುಮಾಲು ಬಿಚ್ಚಿ ಎಲಿ ಅಡಿಕಿ ಕೊಡತೇನಿ. ನೀವು ತಗೋಬೇಕು. ಅವಾಗ ಮುರೀತೈತಿ. ಹಿಂಗ ಚಾ ಕುಡದ್ರ ಮುರಿಯೂದಿಲ್ಲ."

"ಅಯ್ಯ ಕಾಕಾ, ಅಂಗಡಿ ಬಿಟ್ಟು ನಾ ಎಲ್ಲಿ ಬರಲಿ?" ಎಂದು ಎದ್ದ ಅಂದಪ್ಪ ಅಲ್ಲೇ ನಿಂತ. "ಸಂತಿಗೆ ಎಷ್ಟ ಮಂದಿ ಕೂಡತಾರ?"

"ಸುತ್ತ ಹಳ್ಳಿದವರೆಲ್ಲಾ ಬರತಾರ."

"ದೊಡ್ಡ ಕುಳಾನೂ?"

"ಅವರೂ."

"ಬರತೇನಿ," ಎಂದ ಅಂದಪ್ಪ.

ಮಾತಿನಂತೆ ಬಂದ. ಹಸಿರು ಗಾಡಿಯಲ್ಲೇ ಬಂದು, ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಿಕೊಂಡ. ಹುಚ್ಚೀರಪ್ಪನವರು ಸಂತೆಯ ನಡುವೆ ಬಂದು ರುಮಾಲು ಬಿಚ್ಚತೊಡಗಿದರು. ಉದ್ದನೆಯ ರುಮಾಲು, ಬಿಚ್ಚಿದಷ್ಟೂ ಬರುತ್ತಿತ್ತು. ಬೇರೆ ವಲ್ಲಿಗಳ ಕೆಳಗಿನ ಕೈಗಳು ನಿಂತವು. ಅವರ ತಲೆಯನ್ನು ಅದುವರೆಗೆ ಸಂತೆ ಕಂಡಿರಲಿಲ್ಲ. ಅದು ಬೋಳಾಗಿತ್ತು, ನಡುವೆ ರುಮಾಲಿನ ಗೆರೆ ಬಿದ್ದಿತ್ತು. ಅವರು ಅಂದಪ್ಪನ ಕೈಯಲ್ಲಿ ಎಲೆ ಅಡಿಕೆ ಇಟ್ಟರು. "ನಾ ಮುರದೇನಿ" ಎಂದರು. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿತು. ಮೂರನೆಯ ಸಲ ಅದು ಸಂತೆಯ ಆ ತುದಿಯ ಹುಣಸೆ ಮರದ ತನಕ ಹೋಯಿತು.

ಗಾಡಿ ಮಾರಲು ಬಂದಿದ್ದ ಅಂದಪ್ಪ ಎಲೆಯನ್ನು ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತ. ಸುತ್ತಲಿನವರು ಅವನನ್ನು ಮೋಸಹೋದ ದೊಡ್ಡ ಮನುಷ್ಯನಂತೆ ನೋಡುತ್ತಿದ್ದರು. ಅವನಿಗೆ ಆ ನೋಟ ಹಿಡಿಸಿತೆಂದು ಕಾಣುತ್ತದೆ. ಎಲೆಯನ್ನು ಗಂಭೀರವಾಗಿ ಬಾಯಲ್ಲಿಟ್ಟುಕೊಂಡ. ಹತ್ತಿರದಲ್ಲಿದ್ದವರು ಅವನ ಕಿವಿಯಲ್ಲಿ ಮೂಕಪ್ಪನ ಎತ್ತಿನ ಕತೆಯನ್ನೂ, ಹುಚ್ಚೀರಪ್ಪನವರು ಅಂದು ಹೇಳಿದ ಮಾತನ್ನೂ ಹೇಳಿದರು. ಅವನು ತಲೆಯಾಡಿಸಿ ಕೇಳಿದ.

ಇಷ್ಟಕ್ಕೆ ಮುಗಿಯುತ್ತದೆಂದು ಹುಚ್ಚೀರಪ್ಪನವರು ತಿಳಿದಿದ್ದರು. ರುಮಾಲು ಸುತ್ತಲು ಕೈ ಎತ್ತಿದಾಗ ಮಂದಿಯ ನಡುವಿನಿಂದ ಮೂಕಪ್ಪ ಬಂದ. ಬಂದವನು ತನ್ನ ರುಮಾಲು ಬಿಚ್ಚಿದ. ಹೇಮಪ್ಪನ ಮುಂದೆ ನಿಂತು ಎಲೆ ಅಡಿಕೆ ಚಾಚಿದ.

"ನಾ ಮುರದೇನಿ."

"ಏನ ಮುರದಿಲೇ?" ಎಂದ ಹೇಮಪ್ಪ.

"ಎತ್ತಿನ ಮಾತು."

"ಎತ್ತ ಎಲ್ಲೈತಿ?"

"ಸತ್ತೈತಿ."

ಸಂತೆ ನಕ್ಕಿತು. ಹೇಮಪ್ಪ ಎಲೆ ತೆಗೆದುಕೊಳ್ಳದೆ ಕೈ ಹಿಂದೆ ಕಟ್ಟಿಕೊಂಡು ಹುಚ್ಚೀರಪ್ಪನವರ ಕಡೆ ತಿರುಗಿದ. "ಕಾಕಾ, ಇದೇನ್ರಿ? ಸತ್ತ ಎತ್ತು ಯಾರರ ಮುರೀತಾರೇನು?"

"ಅವರು ಕೊಳ್ಳದ ಮೋಟಾರು ಮುರದ್ರು," ಎಂದ ಮೂಕಪ್ಪ. "ನಾ ಕೊಂಡ ಎತ್ತು ಮುರಿಯಾಕ ಬರೂದಿಲ್ಲೇನು?"

ಈಗ ಯಾರೂ ನಗಲಿಲ್ಲ. ಎಲ್ಲರೂ ಹುಚ್ಚೀರಪ್ಪನವರ ಬೋಳುತಲೆಯನ್ನು ನೋಡಿದರು. ಆಗದು ಎಂದರೆ, ತಾವು ಮಾತ್ರ ಮುರಿಯಬಹುದು, ಉಳಿದವರು ಮಲಗುವ ಎತ್ತನ್ನು ಎಬ್ಬಿಸುತ್ತಿರಬೇಕು ಎಂದಂತಾಗುತ್ತದೆ. ಆಗಲಿ ಎಂದರೆ, ಇನ್ನು ಮುಂದೆ ಈ ಸಂತೆಯಲ್ಲಿ ಯಾವ ಮಾತೂ ಪೂರ್ತಿ ಮುಗಿದ ಮಾತಲ್ಲ. ಅವರು ಕಾಪಾಡಲು ಬಂದದ್ದು ಯಾವುದನ್ನೋ, ಅದನ್ನೇ ಈಗ ಬಿಟ್ಟುಕೊಡಬೇಕಾಗಿತ್ತು.

"ತಗೋ ಹೇಮಪ್ಪ," ಎಂದರು ಹುಚ್ಚೀರಪ್ಪನವರು.

ಹೇಮಪ್ಪ ತೆಗೆದುಕೊಂಡ. ಅವನು ಏನನ್ನೂ ಮರಳಿ ಕೊಡಬೇಕಾಗಲಿಲ್ಲ, ಮೂಕಪ್ಪನೂ ಕೇಳಲಿಲ್ಲ. ರುಮಾಲು ಸುತ್ತಿಕೊಳ್ಳುತ್ತ, "ಈಗ ಹಗರಾತು ನೋಡ್ರಿ," ಎಂದಷ್ಟೇ ಹೇಳಿದ. ಹುಚ್ಚೀರಪ್ಪನವರು ತಮ್ಮ ಚೀಲದಲ್ಲಿ ಉಳಿದಿದ್ದ ಒಂದು ಎಲೆಯನ್ನು ತೆಗೆದು ಮೂಕಪ್ಪನ ಕೈಯಲ್ಲಿಟ್ಟರು. ಅದು ಯಾವ ಮಾತು ಮುರಿದದ್ದಕ್ಕೆ ಎಂದು ಅವರು ಹೇಳಲಿಲ್ಲ. ಮೂಕಪ್ಪ ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ.

ಮುಂದಿನ ಸಂತೆಗೆ ಮೂವರು ಎಲೆ ಅಡಿಕೆ ತಂದಿದ್ದರು. ಅದರ ಮುಂದಿನ ಸಂತೆಗೆ ಎಲೆ ಮಾರುವವಳು ತನ್ನ ಬುಟ್ಟಿಯನ್ನು ದನದ ಸಾಲಿಗೇ ತಂದು ಇಟ್ಟುಕೊಂಡಳು. ಎಂದೂ ಕೈ ಬಿಡಿಸದ ಹುಚ್ಚೀರಪ್ಪನವರು ಕೈ ಬಿಡಿಸುವುದಕ್ಕೇ ಹೆಸರಾದರು. ಬೇರೆ ದಲ್ಲಾಳಿಗಳು ಕೂಡಿಸಿದ್ದನ್ನೂ ಮುರಿಸಿಕೊಳ್ಳಲು ಮಂದಿ ಇವರ ಹತ್ತಿರವೇ ಬರುತ್ತಿದ್ದರು, ಇವರಿಗೂ ಒಂದು ಎಲೆ ಕೊಡುತ್ತಿದ್ದರು. ವಿಚಿತ್ರವೆಂದರೆ, ಬಿಡಿಸಲು ಬಂದವರು ಮತ್ತೆ ಕೂಡಿಸಲೂ ಇವರ ಬಳಿಯೇ ಬಂದರು. ಒಳಗೆ ಹೋದರೆ ಹೊರಗೆ ಬರಲು ಬಾಗಿಲಿದೆ ಎಂದು ಗೊತ್ತಾದ ಮನೆಗೆ ಹೋಗಲು ಮಂದಿಗೆ ಹೆದರಿಕೆ ಇಲ್ಲವೇನೋ. ಅಂತೂ ವಲ್ಲಿಯ ಕೆಳಗೆ ಮತ್ತೆ ಕೈಗಳು ಬಂದವು. ಗುರುಸಿದ್ದವ್ವ ಮಾತ್ರ, "ದಿನಾ ಎಲಿ ತಿಂದು ತಿಂದು ಹಲ್ಲ ಕೆಂಪಾಗ್ಯಾವ, ಮುರುಕ ದಲಾಲಿ ಆಗೀರಿ," ಎಂದು ಆಡಿಕೊಳ್ಳುತ್ತಿದ್ದರು.

ಹಸಿರು ಗಾಡಿಯನ್ನು ಹುಲಕೋಟಿಯ ಉಡಚಪ್ಪ ಕೊಂಡ. ಮರುವರ್ಷ ಸುಗ್ಗಿಯ ಹೊತ್ತಿಗೆ ಹುಚ್ಚೀರಪ್ಪನವರೂ ಮೂಕಪ್ಪನೂ ಒಂದು ಜೋಡಿ ಎತ್ತು ಹೊಡೆದುಕೊಂಡು ಗದಗದ ಸಂತೆಗೆ ನಡೆದು ಹೊರಟಿದ್ದರು. ದಾರಿಯ ನಡುವೆ ಆ ಗಾಡಿ ನಿಂತಿತ್ತು. ಪಕ್ಕದಲ್ಲಿ ಉಡಚಪ್ಪ ಬೆವರು ಒರೆಸಿಕೊಳ್ಳುತ್ತಿದ್ದ.

"ಯಾಕ್ರಿ ಉಡಚಪ್ಪ, ನಿಂತೀರಿ?"

"ನಾ ನಿಂತಿಲ್ರಿ ಕಾಕಾ, ಇದು ನಿಂತೈತಿ. ತಂದಾಗಿಂದ ಹಿಂಗ. ಬಿಸಲ ಏರಿದ್ರ ನಡದಾರ್ಯಾಗ ಮಲಗತೈತಿ."

ಮೂಕಪ್ಪ ಹುಚ್ಚೀರಪ್ಪನವರ ಮುಖ ನೋಡಿ, "ಮಲಗೂದು ಮೋಟಾರಿನ ಗುಣ," ಎಂದ.

"ಸುಮ್ನಿರಲೇ," ಎಂದರು ಹುಚ್ಚೀರಪ್ಪನವರು. "ಎತ್ತ ಕಟ್ಟು."

ಎತ್ತುಗಳನ್ನು ಗಾಡಿಯ ಮುಂದೆ ಕಟ್ಟಿದರು. ಉಡಚಪ್ಪ ಚಕ್ರ ಹಿಡಿದು ಕೂತ, ಮೂಕಪ್ಪ ಹಗ್ಗ ಹಿಡಿದು ಮುಂದೆ ನಡೆದ. ಹುಚ್ಚೀರಪ್ಪನವರು ನಡೆಯುತ್ತೇನೆಂದರು. ಸ್ವಲ್ಪ ದೂರ ನಡೆದ ಮೇಲೆ ಮೊಣಕಾಲು ಅವರ ಮಾತು ಮುರಿಯಿತು. ಹೀಗೆ ಅವರು ತಾವು ಕೊಳ್ಳದ ಮೋಟಾರಿನಲ್ಲಿ ಕೂತು, ಎತ್ತುಗಳ ಹಿಂದೆ ಗದಗ ಹೊಕ್ಕರು. ಎದುರಿಗೆ ಬಂದ ಹಳ್ಳಿಯವರು, "ಹಿಂಗಾದ್ರ ಎಣ್ಣಿ ಖರ್ಚಿಲ್ಲ ನೋಡ್ರಿ ಕಾಕಾ, ಭೇಶ್!" ಎಂದು ಮೆಚ್ಚಿದರು.

ಗಾಡಿಯನ್ನು ಅಂದಪ್ಪನ ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯ ಗೋಡೆಯ ಮೇಲೆ ಹೊಸ ಹಲಗೆ ಬಂದಿತ್ತು. ಉಡಚಪ್ಪ ಗಾಡಿ ಮರಳಿ ಕೊಡುವ ಮಾತೆತ್ತಿದ ಕೂಡಲೇ ಅಂದಪ್ಪ ಆ ಹಲಗೆಯ ಕಡೆ ಬೆರಳು ತೋರಿಸಿದ. ಅದರ ಮೇಲೆ ಚೆಂದದ ಬಣ್ಣದಲ್ಲಿ, "ಕೆಡುವುದು ಗಾಡಿಯ ಗುಣ, ಕೈ ಕೊಟ್ಟದ್ದು ನಿಮ್ಮ ಗುಣ" ಎಂದು ಬರೆದಿತ್ತು.

"ಇದನ್ನ ನಾ ಲಕ್ಷ್ಮೇಶ್ವರ ಸಂತ್ಯಾಗ ಕಲತ ಬಂದೇನ್ರಿ," ಎಂದ ಅಂದಪ್ಪ. "ಮಾತಂದ್ರ ಮಾತು. ಇಂಥಾ ಹಿರಿಯಾರು ಹೇಳಿದ್ದು."

ಹುಚ್ಚೀರಪ್ಪನವರು ಹಲಗೆಯನ್ನು ಬಹಳ ಹೊತ್ತು ನೋಡಿದರು. ತಮ್ಮ ಮಾತು ಬಣ್ಣ ಹಚ್ಚಿಕೊಂಡು ಗೋಡೆಯ ಮೇಲೆ ಕೂತಿತ್ತು. ಕೈ ಮೀಸೆಯ ಕಡೆ ಹೋಗಲಿಲ್ಲ.

"ಸಾವಕಾರ, ಆ ಡಾಕ್ಟರು ಇದನ್ನ ಯಾಕ ಮಾರಿದ್ರು?"

ಅಂದಪ್ಪ ಕೈಗಡಿಯಾರ ನೋಡಿಕೊಂಡ.

"ಹೇಳ್ರಿ."

"ರೋಗಿ ಮನಿ ಹೊತ್ತಿಗೆ ಮುಟ್ಟತಿದ್ದಿಲ್ಲಂತರೀ."

"ಕೈ ಕೊಡೂ ಮುಂದ ಇದು ನಿಮಗ ಗೊತ್ತಿತ್ತೇನು?"

ಅಂದಪ್ಪ ಗಡಿಯಾರಕ್ಕೆ ಕೀಲಿ ಕೊಡತೊಡಗಿದ. ಆ ಪ್ರಶ್ನೆ ಬಾಯಿಂದ ಬಂದ ಮೇಲೆ ಹುಚ್ಚೀರಪ್ಪನವರು ಒಮ್ಮೆ ಹಿಂದೆ ತಿರುಗಿ ನೋಡಿದರು. ಹಗ್ಗ ಹಿಡಿದು ನಿಂತಿದ್ದ ಮೂಕಪ್ಪನಿಗೆ ಎಲ್ಲವೂ ಕೇಳಿಸಿತ್ತು. ಅಂದು ಹೇಮಪ್ಪನಿಗೂ ಇದನ್ನು ಕೇಳಬಹುದಿತ್ತು ಎಂದು ಅವನು ಹೇಳಲಿಲ್ಲ. ಎತ್ತಿನ ಕೊರಳು ಕೆರೆಯುತ್ತ ಬೇರೆ ಕಡೆ ನೋಡಿದ.

ಹುಚ್ಚೀರಪ್ಪನವರು ಹೆಗಲ ಮೇಲಿನ ವಲ್ಲಿ ತೆಗೆದರು. ಕೈಮೇಲೆ ಹೊದಿಸಿ ಅಂದಪ್ಪನ ಮುಂದೆ ಚಾಚಿದರು.

"ಬರ್ರಿ ಸಾವಕಾರ. ಆ ಹಲಗಿ ಮ್ಯಾಲಿಂದು ಅರ್ಧಾ ಮಾತು. ಉಳದ ಅರ್ಧಾ, ಉಡಚಪ್ಪಗ ಎಷ್ಟ ಮರಳಿ ಕೊಡತೀರಿ ಅನ್ನೂದು, ಇದರ ಕೆಳಗ ಮಾತಾಡೋಣ."

ಸ್ಟೇಶನ್ ರಸ್ತೆಯ ಮಂದಿ, ಮೋಟಾರಿಗೆ ಎತ್ತು ಕಟ್ಟಿದ್ದನ್ನು ನೋಡಲು ಬಂದವರು, ಈಗ ಅಂದಪ್ಪನ ಮುಖ ನೋಡುತ್ತ ನಿಂತರು. ಅವನು ಒಮ್ಮೆ ಮಂದಿಯನ್ನು ನೋಡಿದ, ಒಮ್ಮೆ ಹಲಗೆಯನ್ನು ನೋಡಿದ. ಆಮೇಲೆ ಮೆಲ್ಲಗೆ ಕೈಯನ್ನು ವಲ್ಲಿಯ ಕೆಳಗಿಟ್ಟ. ಬಟ್ಟೆ ಅಲುಗಾಡತೊಡಗಿತು, ಒಂದು ಸಲ ನಿಂತಿತು, ಮತ್ತೆ ಅಲುಗಾಡಿತು.

"ಕಾಕಾ," ಎಂದ ಮೂಕಪ್ಪ ಹಿಂದಿನಿಂದ, "ಜಲ್ದಿ ಮುರೀರಿ. ನಮ್ಮ ಎತ್ತಿನ ಸಂತಿ ತಪ್ಪತೈತಿ."